ತುಕ್ಕುಗೈ

ನಾನು ಮುಟ್ಟಿದ ಉಕ್ಕು ತುಕ್ಕು ಹಿಡಿಯುತ್ತದಂತೆ. ಮೇಸ್ತ್ರಿ ಗ್ರೋಟೆ ಹಾಗೆ ಹೇಳಿದ. ಹೇಳಿದ್ದು ಸಾಲದು ಅಂತ ನನ್ನ ಅಂಗೈ ಮೂಡಿದ ಉಕ್ಕಿನ ತಗಡನ್ನು ಕಾರ್ಖಾನೆಯ ಬಾಗಿಲ ಹತ್ತಿರ, ನಾವು ಹಾಜರಿ ಚೀಟಿ ಒತ್ತುವ ಗಡಿಯಾರದ ಪಕ್ಕದಲ್ಲಿ, ಮೊಳೆ ಹೊಡೆದು ನೇತುಹಾಕಿದ. ಕೆಳಗೆ ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದ. ಒಳಗೆ ಬರುವವರೆಲ್ಲ ಅದನ್ನು ನೋಡಿಕೊಂಡೇ ಬರಬೇಕು. ಹೊರಗೆ ಹೋಗುವವರೆಲ್ಲ ಅದನ್ನು ನೋಡಿಕೊಂಡೇ ಹೋಗಬೇಕು. ನಾನೂ ಅಷ್ಟೇ.

ನನ್ನ ಹೆಸರು ಯೆತೆರ್. ಸಾಕು ಅಂತ ಅರ್ಥ. ಮನೆಯಲ್ಲಿ ಹೆಣ್ಣುಮಕ್ಕಳು ಜಾಸ್ತಿಯಾದವು, ಇನ್ನು ಸಾಕು ಅಂತ ಅಪ್ಪ ಇಟ್ಟ ಹೆಸರು. ನಮ್ಮ ತುರ್ಕಿಯ ಹಳ್ಳಿಗಳಲ್ಲಿ ಇಂಥ ಹೆಸರಿನವರು ಬೇಕಾದಷ್ಟು ಜನ ಸಿಗುತ್ತಾರೆ. ನನ್ನ ಪಕ್ಕದ ಮೇಜಿನ ಸ್ತಮಾತಿಯಾ ಗ್ರೀಸಿನವಳು. ಮೊದಲ ದಿನ ನನ್ನ ಹೆಸರಿನ ಅರ್ಥ ಕೇಳಿ ಬಿದ್ದು ಬಿದ್ದು ನಕ್ಕಿದ್ದಳು. ಅವಳ ಹೆಸರಿಗೂ ‘ನಿಲ್ಲಿಸು’ ಅಂತ ಅರ್ಥವಂತೆ.

“ನಿಮ್ಮಪ್ಪ ತುರ್ಕ, ನಮ್ಮಪ್ಪ ಗ್ರೀಕ, ಒಬ್ರನ್ನ ಕಂಡ್ರೆ ಒಬ್ರಿಗೆ ಆಗಲ್ಲ. ಹೆಣ್ಣು ಬೇಡ ಅನ್ನೋದ್ರಲ್ಲಿ ಮಾತ್ರ ಅಣ್ಣತಮ್ಮಂದ್ರು, ನೋಡೇ,” ಅಂದಿದ್ದಳು.

ಆವತ್ತಿನಿಂದ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ತಿಂದವರು.

ನಾವು ದುಡಿಯಲು ಬಂದ ಪರದೇಶದ ಈ ರೆಮ್‌ಶೈಡ್ ಊರಿನಲ್ಲಿ ಎಲ್ಲರ ಹೊಟ್ಟೆಪಾಡೂ ಉಕ್ಕು. ಗರಗಸ, ಉಳಿ, ಅರ, ಇಕ್ಕಳ. ನಮ್ಮ ಕಾರ್ಖಾನೆಗೆ ಬರುವುದು ಬೈರಿಗೆಗಳು. ಕಬ್ಬಿಣಕ್ಕೆ ತೂತು ಕೊರೆಯುವಂಥವು. ಬರುವಾಗ ಬೂದು ಬಣ್ಣ, ಹೋಗುವಾಗ ಚಿನ್ನದ ಬಣ್ಣ. ಚಿನ್ನವಲ್ಲ, ಟೈಟೇನಿಯಂ. ದೊಡ್ಡ ಕುಲುಮೆಯೊಳಗಿನ ಗಾಳಿಯನ್ನೆಲ್ಲ ಎಳೆದುಹಾಕಿ ಲೋಹವನ್ನು ಆವಿ ಮಾಡುತ್ತಾರೆ. ಅದು ಬೈರಿಗೆಯ ಮೇಲೆ ಕೂರುತ್ತದೆ, ಕೂದಲೆಳೆಗಿಂತ ತೆಳ್ಳಗೆ. ಉಗುರಿನಿಂದ ಕೆರೆದರೆ ಉಗುರು ಸವೆಯುತ್ತದೆ, ಅದು ಸವೆಯುವುದಿಲ್ಲ. ಆ ಪೊರೆ ಹೊದ್ದ ಬೈರಿಗೆ ಬರಿಯ ಬೈರಿಗೆಗಿಂತ ಎಷ್ಟೋ ಪಟ್ಟು ಹೆಚ್ಚು ಬಾಳುತ್ತದೆ. ನಮಗೆ ಅಂಥದ್ದೊಂದು ಪೊರೆ ಯಾರೂ ಹೊದಿಸಲಿಲ್ಲ. ನಾವು ಹಾಗೇ ಸವೆದೆವು.

ಕುಲುಮೆಗೆ ಹೋಗುವ ಮೊದಲು ಬೈರಿಗೆ ಶುದ್ಧವಾಗಿರಬೇಕು. ಒಂದು ಬೆರಳಿನ ಗುರುತಿದ್ದರೂ ಪೊರೆ ಅಲ್ಲಿ ಹಿಡಿಯುವುದಿಲ್ಲ. ಆ ಶುದ್ಧ ಮಾಡುವ ಕೆಲಸ ಹೆಂಗಸರದು. ಜಿಡ್ಡು ತೆಗೆಯುವ ತೊಟ್ಟಿಯಲ್ಲಿ ಅದ್ದು, ತೆಗೆ, ಒರೆಸು, ದೀಪಕ್ಕೆ ಹಿಡಿದು ನೋಡು, ಕುಲುಮೆಗೆ ಹೋಗುವ ಬಂಡಿಯ ತೂತಿಗೆ ಸಿಗಿಸು. ತೊಟ್ಟಿಯ ವಾಸನೆ ಹಲ್ಲಿನ ಸಂದಿಗೂ ಇಳಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಬೈರಿಗೆಯ ಅಂಚು ಅಂದರೆ ಕತ್ತಿ. ಬೆರಳ ತುದಿಗಳೆಲ್ಲ ಗೀರು, ಆ ಗೀರಿನ ಮೇಲೆ ತೊಟ್ಟಿಯ ನೀರು ಬಿದ್ದರೆ ಪ್ರಾಣ ಹೋದ ಹಾಗೆ ಉರಿಯುತ್ತಿತ್ತು.

ಹತ್ತಿಯ ಕೈಗವಸು ಕೊಡುತ್ತಿದ್ದರು, ವಾರಕ್ಕೊಂದು ಜೊತೆ. ಎರಡು ದಿನದಲ್ಲಿ ಬೆರಳು ಹೊರಗೆ ಇಣುಕುತ್ತಿತ್ತು. ಮೇಲಾಗಿ ನಮ್ಮದು ಸಿಗಿಸಿದಷ್ಟಕ್ಕೆ ಕೂಲಿ. ಸಣ್ಣ ಬೈರಿಗೆಗಳನ್ನು ಕೈಗವಸು ಹಾಕಿಕೊಂಡು ಸಿಗಿಸುತ್ತಾ ಕೂತರೆ ಮೇಸ್ತ್ರಿ ಹೇಳಿದಷ್ಟು ಆಗುವುದೇ ಇಲ್ಲ. ಹಾಗಾಗಿ ಎಲ್ಲರೂ ಬಲಗೈಯ ಗವಸು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆವು. ನಾನು, ಸ್ತಮಾತಿಯಾ, ಪೋರ್ಚುಗಲ್ಲಿನ ದಿಯೊಲಿಂಡಾ, ಇದೇ ಊರಿನ ವಾಲ್ಟ್ರೌಟ್. ಮೇಸ್ತ್ರಿಗೆ ಗೊತ್ತಿತ್ತು. ಮೇಲಿನಿಂದ ಯಾರಾದರೂ ಇಳಿದು ಬರುವಾಗ ಅವನೇ ಕೆಮ್ಮುತ್ತಿದ್ದ. ನಾವು ಗಬಕ್ಕನೆ ಗವಸು ಹಾಕಿಕೊಳ್ಳುತ್ತಿದ್ದೆವು. ಆ ಕೆಮ್ಮು ನಮ್ಮ ಕಾರ್ಖಾನೆಯ ಪದ್ಧತಿ. ಹೊಸದಾಗಿ ಬಂದವಳಿಗೆ ಕಕ್ಕಸು ಎಲ್ಲಿದೆ ಅಂತ ತೋರಿಸುವ ಮೊದಲು ಅದನ್ನು ಹೇಳಿಕೊಡುತ್ತಿದ್ದೆವು.

ಆ ಚಳಿಗಾಲದಲ್ಲಿ ಮಾಲು ವಾಪಸ್ ಬರತೊಡಗಿತು. ಪೆಟ್ಟಿಗೆ ಪೆಟ್ಟಿಗೆಯೇ ಬಂತು. ಬೈರಿಗೆಯ ಮೇಲಿನ ಚಿನ್ನ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು. ಯಾಕೆ ಏಳುತ್ತಿದೆ ಅಂತ ನಮಗೆ ಗೊತ್ತಿತ್ತು, ಮೇಸ್ತ್ರಿಗೂ ಗೊತ್ತಿತ್ತು. ತೊಟ್ಟಿಯ ದ್ರಾವಣ ಬದಲಾಯಿಸಿ ಯಾವ ಕಾಲವಾಗಿತ್ತೋ. ಮೊದಲು ನೀರಿನ ಹಾಗಿದ್ದದ್ದು ಈಗ ಚಹಾದ ಹಾಗಿತ್ತು. ಖರ್ಚು ಜಾಸ್ತಿ, ಇನ್ನಷ್ಟು ದಿನ ನಡೆಸಿ ಅಂತ ಮೇಲಿನವರು ಹೇಳಿದ್ದನ್ನು ಅವನೇ ನಮ್ಮೆದುರು ಗೊಣಗಿಕೊಂಡಿದ್ದ.

ಮೇಲಿನಿಂದ ಡಾಕ್ಟರ್ ವೆಲ್ನರ್ ಇಳಿದು ಬಂದ. ರೋಗ ನೋಡುವ ಡಾಕ್ಟರಲ್ಲ, ಉಕ್ಕು ಓದಿಕೊಂಡ ಡಾಕ್ಟರ್. ಏಳುವ ಸಿಪ್ಪೆಯ ಕೆಳಗೆ ಮನುಷ್ಯರ ಬೆವರಿನ ಉಪ್ಪು ಸಿಕ್ಕಿದೆ ಅಂದ. ಕೆಲವರ ಬೆವರು ಉಕ್ಕನ್ನು ತಿನ್ನುತ್ತದೆ, ಅಂಥವರು ಯಾರು ಅಂತ ಹುಡುಕಬೇಕು ಅಂದ. ಮೇಸ್ತ್ರಿ ಗ್ರೋಟೆ ತೊಟ್ಟಿಯ ಕಡೆ ನೋಡಿದ. ಆಮೇಲೆ ನಮ್ಮ ಕಡೆ ನೋಡಿದ.

“ಇವ್ರು ತಿನ್ನೋದು ಬರೀ ಬೆಳ್ಳುಳ್ಳಿ, ಡಾಕ್ಟರೇ,” ಅಂದ.

ಮಾರನೆಯ ದಿನ ಕನ್ನಡಿಯ ಹಾಗೆ ಹೊಳೆಯುವ ಉಕ್ಕಿನ ತಗಡುಗಳನ್ನು ತಂದು ಮೇಜಿನ ಮೇಲಿಟ್ಟರು. ಒಬ್ಬೊಬ್ಬರೂ ಒಂದೊಂದರ ಮೇಲೆ ಅಂಗೈ ಒತ್ತಬೇಕು. ಅದನ್ನು ತೇವದ ಕಪಾಟಿನಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಯಾರ ಕೈ ಎಂಥದ್ದು ಅಂತ ತಿಳಿಯುತ್ತದೆ. ನಾನು ಒತ್ತಿದೆ. ಸ್ತಮಾತಿಯಾ ಒತ್ತಿದಳು. ದಿಯೊಲಿಂಡಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒತ್ತಿದಳು. ವಾಲ್ಟ್ರೌಟ್ ಕೂಡ ಎದ್ದು ಬಂದಳು.

“ನೀವು ಕೂತ್ಕೊಳ್ಳಿ ವಾಲ್ಟ್ರೌಟಮ್ಮ, ನಿಮಗೆ ಬೇಡ,” ಅಂದ ಮೇಸ್ತ್ರಿ.

“ಯಾಕೆ? ನಂಗೂ ಕೈ ಇದ್ಯಲ್ಲ?”

“ನೀವು ಇಲ್ಲಿಯವ್ರು.”

ಅವಳಿಗೆ ‘ನೀವು’, ನಮಗೆ ‘ನೀನು’. ಬಂದ ದಿನದಿಂದ ಹಾಗೇ. ವಾಲ್ಟ್ರೌಟ್ ನಮ್ಮ ಮುಖ ನೋಡಲಿಲ್ಲ. ಹೋಗಿ ಕೂತುಕೊಂಡಳು.

ಬೆಳಿಗ್ಗೆ ಕಪಾಟು ತೆಗೆದರು. ಸ್ತಮಾತಿಯಾಳ ತಗಡಿನಲ್ಲಿ ಎರಡು ಚುಕ್ಕೆ ಇದ್ದವು. ದಿಯೊಲಿಂಡಾಳದ್ದರಲ್ಲಿ ಏನೂ ಇಲ್ಲ. ನನ್ನದರಲ್ಲಿ ಇಡೀ ಕೈ ಇತ್ತು. ಐದು ಬೆರಳು, ಅಂಗೈಯ ಗೆರೆಗಳು, ಉಂಗುರದ ಜಾಗ ಮಾತ್ರ ಬಿಳಿ. ಉಳಿದದ್ದೆಲ್ಲ ಕಂದು ತುಕ್ಕು. ನನ್ನ ಕೈಯನ್ನು ನಾನೇ ಅಷ್ಟು ಸ್ಪಷ್ಟವಾಗಿ ಎಂದೂ ನೋಡಿರಲಿಲ್ಲ. ನಾಚಿಕೆಯಾಯಿತು. ಯಾಕೆ ನಾಚಿಕೆಯಾಗಬೇಕು ಅಂತ ಆಗ ಹೊಳೆಯಲಿಲ್ಲ. ಮೈಮೇಲೆ ಬಟ್ಟೆ ಇಲ್ಲದೆ ನಿಂತ ಹಾಗಿತ್ತು.

“ಸಿಕ್ತು ನೋಡಿ!” ಅಂದ ಗ್ರೋಟೆ. ಬೀಗರ ಮನೆಯಲ್ಲಿ ಕಳೆದ ಒಡವೆ ಸಿಕ್ಕಷ್ಟು ಸಂತೋಷ ಅವನಿಗೆ.

ನನಗೆ ಕೆಂಪು ರಬ್ಬರಿನ ಕೈಗವಸು ಕೊಟ್ಟರು. ಕಕ್ಕಸು ತೊಳೆಯುವವರು ಹಾಕಿಕೊಳ್ಳುವಂಥದ್ದು, ಮೊಳಕೈವರೆಗೆ ಬರುತ್ತದೆ. ಉಳಿದವರಿಗೆ ಬಿಳಿ, ನನಗೆ ಕೆಂಪು, ದೂರದಿಂದಲೇ ಕಾಣಲಿ ಅಂತ. ಮೊದಲು ಕೆಲಸ ಮಾಡುವಾಗ ಹಾಕು ಅಂದರು. ಆಮೇಲೆ ಬಾಗಿಲ ಹಿಡಿ ಮುಟ್ಟುವಾಗಲೂ ಹಾಕು ಅಂದರು, ಯಾಕೆಂದರೆ ಬೇರೆಯವರೂ ಅದನ್ನು ಮುಟ್ಟಿ ಬರುತ್ತಾರೆ. ಆಮೇಲೆ ನಲ್ಲಿ. ಆಮೇಲೆ ಊಟದ ಕೋಣೆಯ ಕಾಫಿ ಯಂತ್ರದ ಗುಂಡಿ. ಕಾಫಿ ಯಂತ್ರಕ್ಕೂ ಬೈರಿಗೆಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ನನ್ನ ಲೋಟ ತಾನಾಗಿಯೇ ಸಾಲಿನಿಂದ ಬೇರೆಯಾಗಿ ಕಿಟಕಿಯ ಮೇಲೆ ಕೂತಿತ್ತು. ಯಾರು ಇಟ್ಟರು ಅಂತ ಕೇಳಿದೆ. ಎಲ್ಲರೂ ತಟ್ಟೆಯಲ್ಲಿದ್ದ ಆಲೂಗೆಡ್ಡೆ ನೋಡಿದರು.

ಸಾಣೆ ಹಿಡಿಯುವ ವಿಭಾಗದ ಗಂಡಸರಿಗೆ ಒಳ್ಳೆ ಮೋಜು ಸಿಕ್ಕಿತು.

“ಏಯ್ ತುಕ್ಕುಗೈ! ನನ್ನ ಕಾರಿನ ಹತ್ರ ಸುಳೀಬೇಡ, ಈಗಷ್ಟೇ ಬಣ್ಣ ಹೊಡ್ಸಿದ್ದೀನಿ!”

“ಗಂಡನ್ನ ಎಲ್ಲೆಲ್ಲಿ ಮುಟ್ಟಿದ್ಯಮ್ಮಾ? ಪಾಪ, ಅವನ ಗತಿ ಏನು?”

ನಗು. ನಾನೂ ನಕ್ಕೆ. ನಕ್ಕಿದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಉರಿಯುತ್ತದೆ.

ರಬ್ಬರಿನೊಳಗೆ ಕೈ ಬೇಯುತ್ತಿತ್ತು. ಸಂಜೆ ಕಳಚಿದರೆ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ, ಬೆರಳ ಸಂದಿಯಲ್ಲಿ ಸೀಳಿ ನೀರು ಒಸರುತ್ತಿತ್ತು. ಆ ದಪ್ಪ ಗವಸಿನಲ್ಲಿ ಸಣ್ಣ ಬೈರಿಗೆ ಹಿಡಿದರೆ ಹಿಡಿದದ್ದೇ ಗೊತ್ತಾಗುವುದಿಲ್ಲ. ಜಾರಿ ಬೀಳುತ್ತದೆ. ಬಿದ್ದದ್ದನ್ನು ಮತ್ತೆ ತೊಳೆಯಬೇಕು. ಉಳಿದವರು ಬಂಡಿ ತುಂಬಿ ಎರಡನೆಯದಕ್ಕೆ ಕೈ ಹಾಕಿದಾಗ ನಾನು ಮೊದಲನೆಯದರ ಅರ್ಧದಲ್ಲಿ ಒದ್ದಾಡುತ್ತಿದ್ದೆ. ಸ್ತಮಾತಿಯಾ ತಾನು ಸಿಗಿಸಿದ ಬೈರಿಗೆಗಳನ್ನು ನನ್ನ ಬಂಡಿಗೆ ದಾಟಿಸುತ್ತಿದ್ದಳು. ಮೇಸ್ತ್ರಿ ನೋಡಿ ಅವಳಿಗೂ ಬೈದ.

“ತಿಂಗಳ ಕೊನೆವರೆಗೆ ನೋಡ್ತೀನಿ,” ಅಂದ ನನಗೆ. “ಇಷ್ಟೇ ಕೆಲಸ ಆದ್ರೆ ಮನೆ ದಾರಿ ಹಿಡಿ. ಆಗ ನಾನು ಕೈ ನೋಡಿ ಕಳಿಸ್ದೆ ಅಂತ ಹೇಳ್ಬೇಡ. ಕೆಲಸ ನೋಡಿ ಕಳಿಸೋದು.”

ಎಷ್ಟು ಚೆನ್ನಾಗಿ ಗಂಟು ಹಾಕಿದ್ದ ನೋಡಿ. ಗವಸು ಅವನದೇ. ಗವಸಿನಿಂದಾಗಿ ಕೆಲಸ ಕಡಿಮೆ. ಕಡಿಮೆಯಾದದ್ದಕ್ಕೆ ತಪ್ಪು ನನ್ನದು.

ಕೆಲಸ ಹೋದರೆ ನನ್ನ ಪಾಲಿಗೆ ಬರೀ ಕೆಲಸ ಹೋಗುವುದಲ್ಲ. ಕೆಲಸವಿದ್ದರೆ ಮಾತ್ರ ಇಲ್ಲಿರುವ ಪರವಾನಗಿ. ನನ್ನ ಗಂಡ ದುರ್ಸುನ್ ಇದೇ ಊರಿನ ಉಕ್ಕು ಬಡಿಯುವ ಕಾರ್ಖಾನೆಯಲ್ಲಿ ಸುತ್ತಿಗೆ ಯಂತ್ರದ ಕೆಳಗೆ ಸೊಂಟ ಕಳೆದುಕೊಂಡವನು. ಕೋಲು ಹಿಡಿದು ಅಡಿಗೆಮನೆಯ ಕಿಟಕಿಯವರೆಗೆ ಬರುತ್ತಾನೆ, ಮತ್ತೆ ಹಾಸಿಗೆಗೆ ಹೋಗುತ್ತಾನೆ. ಅವನು ಈಗ ಇಲ್ಲಿರುವುದು ನನ್ನ ಪರವಾನಗಿಯ ಮೇಲೆ. ಅವನ ಸೊಂಟಕ್ಕೆ ವಾರ ವಾರ ಚಿಕಿತ್ಸೆ ಕೊಡುವ ಆಸ್ಪತ್ರೆ ಇಲ್ಲಿದೆ. ನಮ್ಮ ಹಳ್ಳಿಯಲ್ಲಿ ಹಲ್ಲು ಕೀಳುವವನೇ ಡಾಕ್ಟರು. ವಾಪಸ್ ಹೋದರೆ ಅವನು ಮತ್ತೆ ಏಳುವುದಿಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲೆ ‘ತುರ್ಕರೇ ತೊಲಗಿ’ ಅಂತ ಆ ವರ್ಷ ಯಾರೋ ಬಳಿದಿದ್ದರು. ಬೇರೆ ಯಾರೋ ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದರು.

“ಹಾಕ್ಕೋ ಗವಸು. ಏನು ಹೋಗುತ್ತೆ?” ಅಂದ ದುರ್ಸುನ್.

“ಮರ್ಯಾದೆ ಹೋಗುತ್ತೆ.”

“ಮರ್ಯಾದೆ ಇಟ್ಕೊಂಡು ನಾನು ಸುತ್ತಿಗೆ ಕೆಳಗೆ ಬಿದ್ನಲ್ಲ. ಏನು ಕೊಟ್ರು? ಕೋಲು ಕೊಟ್ರು.”

ಹಿಟ್ಟು ನಾದುತ್ತಿದ್ದೆ. ಸೀಳಿದ ಬೆರಳಿಗೆ ಉಪ್ಪು ತಾಗಿ ಉರಿಯುತ್ತಿತ್ತು. ರೊಟ್ಟಿ ಸುಟ್ಟು, ಬಿಸಿಬಿಸಿಯಾಗಿ ಮುರಿದು ಅವನ ಮುಂದೆ ಚಾಚಿದೆ. ಅವನು ಕೈ ಮುಂದೆ ತಂದ. ತಂದವನು ನನ್ನ ಬೆರಳು ನೋಡಿದ. ಕೈ ಅಲ್ಲೇ ನಿಂತಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆಮೇಲೆ ತೆಗೆದುಕೊಂಡ, ತಿಂದ, ಚೆನ್ನಾಗಿದೆ ಅಂದ.

ಮೇಸ್ತ್ರಿ ತಗಡನ್ನು ನೇತುಹಾಕಿದ ದಿನ ನಾನು ಅತ್ತಿರಲಿಲ್ಲ. ಆವತ್ತು ಒಲೆಯ ಕಡೆ ತಿರುಗಿಕೊಂಡು ಅತ್ತೆ. ಈ ಕೈ ಅವನಿಗೆ ಸ್ನಾನ ಮಾಡಿಸಿದೆ, ಅವನ ಸೊಂಟ ತಿಕ್ಕಿದೆ, ನನ್ನ ಅವ್ವನ ಕಣ್ಣು ಮುಚ್ಚಿದೆ. ಒಂದು ತಗಡು ಬಂದು ಅದನ್ನು ನನ್ನ ಮನೆಯೊಳಗೇ ಹೊಲಸು ಮಾಡಿತ್ತು.

ಅದಾದ ಮೇಲೆ ಗಿರಾಕಿಗಳು ಬಂದರು. ಮಾಲು ವಾಪಸ್ ಕಳಿಸಿದ್ದ ಕಂಪನಿಯವರೇ. ಕೋಟು, ಟೈ, ಹೊಳೆಯುವ ಬೂಟು. ಇನ್ನು ಮುಂದೆ ಪೊರೆ ಏಳುವುದಿಲ್ಲ ಅಂತ ಅವರಿಗೆ ನಂಬಿಕೆ ಬರಬೇಕು. ಬೆಳಿಗ್ಗೆಯಿಂದ ನಾವು ಅವರಿಗಾಗಿಯೇ ದೊಡ್ಡ ಬೈರಿಗೆಗಳನ್ನು ತೊಳೆದು ಒರೆಸಿ ಬಂಡಿಯಲ್ಲಿ ನಿಲ್ಲಿಸಿದ್ದೆವು. ಕುಲುಮೆ ಬಾಯಿ ತೆರೆದು ಕಾದಿತ್ತು. ಮೇಸ್ತ್ರಿ ಅವತ್ತು ಹೊಸ ಅಂಗಿ ಹಾಕಿದ್ದ, ಕೆಮ್ಮಬೇಕಾದ ಕಡೆ ಸರಿಯಾಗಿ ಕೆಮ್ಮಿದ.

ಡಾಕ್ಟರ್ ವೆಲ್ನರ್ ಅವರನ್ನು ಮೊದಲು ಗೋಡೆಯ ತಗಡಿನ ಹತ್ತಿರ ಕರೆದುಕೊಂಡು ಹೋದ. ತೊಟ್ಟಿಯ ಹತ್ತಿರ ಅಲ್ಲ. ಅವರು ಬಗ್ಗಿ ನೋಡಿದರು, ತಲೆ ಆಡಿಸಿದರು. ಆಮೇಲೆ ಎಲ್ಲರೂ ನನ್ನ ಮೇಜಿನ ಕಡೆ ಬಂದರು. ನಾನು ಎದ್ದು ನಿಂತೆ.

“ಇವಳೇ,” ಅಂದ ಡಾಕ್ಟರ್. “ಈಗ ಬೇರೆ ಗವಸು ಕೊಟ್ಟಿದ್ದೀವಿ. ಸಮಸ್ಯೆ ಬಗೆಹರಿದಿದೆ.”

ಗಿರಾಕಿಗಳಲ್ಲಿ ಒಬ್ಬನಿಗೆ ಕುತೂಹಲ. “ನೋಡೋಕೆ ಹೇಗಿರುತ್ತೆ ಅಂಥ ಕೈ?” ಅಂತ ಕೇಳಿದ. ನನ್ನನ್ನಲ್ಲ, ಡಾಕ್ಟರನ್ನು.

“ಗವಸು ತೆಗಿ. ಕೈ ತೋರ್ಸು ಇವ್ರಿಗೆ,” ಅಂದ ಡಾಕ್ಟರ್.

ನಾನು ಮೇಸ್ತ್ರಿಯನ್ನು ನೋಡಿದೆ. ಅವನು ಕಣ್ಣಲ್ಲೇ ‘ಬೇಗ ತೆಗಿ’ ಅಂದ.

ತೆಗೆದೆ. ಬಲಗೈ. ಎಡಗೈ. ರಬ್ಬರು ಚರ್ಮಕ್ಕೆ ಅಂಟಿಕೊಂಡಿತ್ತು, ಕಿತ್ತು ತೆಗೆಯಬೇಕಾಯಿತು. ಬೆಂದ, ಸುಕ್ಕಿದ, ಸೀಳಿದ ಕೈ. ಗಿರಾಕಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ಸಂತೆಯಲ್ಲಿ ಕುರಿಯ ಗೊರಸು ನೋಡುವ ಹಾಗೆ ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ನೋಡಿದ. ಮುಟ್ಟಲಿಲ್ಲ.

“ತಿರುಗ್ಸು,” ಅಂದ ಡಾಕ್ಟರ್.

ಅಂಗೈ ಮೇಲೆ ಮಾಡಿ ಹಿಡಿದೆ. ಬೇಡುವವಳ ಹಾಗೆ ನಿಂತಿದ್ದೆ. ಹಾಗೆ ನಿಂತಿದ್ದೇನೆ ಅಂತ ನನಗೇ ಕಂಡದ್ದೇ ತಡ, ಮೈಯೆಲ್ಲ ಉರಿದುಹೋಯಿತು.

“ನೋಡಿದ್ರಾ?” ಅಂದೆ. “ಸರಿಯಾಗಿ ನೋಡಿದ್ರಾ?”

ನಾನು ಮಾತಾಡುತ್ತೇನೆ ಅಂತಲೇ ಅವರು ಅಂದುಕೊಂಡಿರಲಿಲ್ಲ.

“ಹಾಗಾದ್ರೆ ಇನ್ನೂ ನೋಡಿ.”

ಬಂಡಿಯ ಹತ್ತಿರ ಹೋದೆ. ಬೆಳಿಗ್ಗೆಯಿಂದ ತೊಳೆದು ಒರೆಸಿ ನಿಲ್ಲಿಸಿದ್ದ ದೊಡ್ಡ ಬೈರಿಗೆಗಳು. ಮೊದಲನೆಯದನ್ನು ಬರಿಗೈಯಲ್ಲಿ ಹಿಡಿದೆ. ಬಿಗಿಯಾಗಿ ಹಿಡಿದೆ. ಅಂಚು ಅಂಗೈಗೆ ಇಳಿಯಿತು. ಬಿಟ್ಟೆ. ಎರಡನೆಯದನ್ನು ಹಿಡಿದೆ. ಮೂರನೆಯದನ್ನು ಹಿಡಿದೆ. ಒಂದೊಂದನ್ನೂ, ದನದ ಕೊರಳು ಸವರಿದ ಹಾಗೆ, ಮೇಲಿನಿಂದ ಕೆಳಗಿನವರೆಗೆ ಸವರಿದೆ. ಬೆವರು, ರಕ್ತ, ರಬ್ಬರಿನೊಳಗೆ ಕೊಳೆತ ನೀರು, ಎಲ್ಲವನ್ನೂ ಬಳಿದೆ.

“ಏಯ್! ಏಯ್! ತಲೆ ಕೆಟ್ಟಿದ್ಯಾ ನಿಂಗೆ!” ಗ್ರೋಟೆ ಓಡಿ ಬಂದ. ನನ್ನ ರಟ್ಟೆ ಹಿಡಿಯಲು ಕೈ ಚಾಚಿದ. ಚಾಚಿದವನು ಹಿಂದಕ್ಕೆ ಎಳೆದುಕೊಂಡ. ನನ್ನ ಕೈ ಅವನಿಗೆ ತಾಗಿಬಿಟ್ಟರೆ ಅಂತ ಹೆದರಿಕೆ. ಅಲ್ಲಿಯವರೆಗೆ ನನಗೆ ಬರೀ ಸಿಟ್ಟಿತ್ತು. ಅವನು ಕೈ ಎಳೆದುಕೊಂಡದ್ದನ್ನು ನೋಡಿ ಧೈರ್ಯವೂ ಬಂತು.

“ಮುಟ್ಟು,” ಅಂದೆ. “ಬಾ, ಹಿಡ್ಕೊ. ನೀನೇ ಬಾ.”

ಮೊದಲ ಸಲ ಅವನಿಗೆ ‘ನೀನು’ ಅಂದಿದ್ದೆ. ಬಾಯಿಗೆ ಹಿತವಾಗಿತ್ತು.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಸ್ತಮಾತಿಯಾ ಎದ್ದಿದ್ದಳು. ಬಿಳಿ ಗವಸು ಕಿತ್ತು ನೆಲಕ್ಕೆ ಎಸೆದಳು. ಬಂಡಿಯ ಇನ್ನೊಂದು ಬದಿಗೆ ಹೋಗಿ ಎರಡೂ ಕೈಯಲ್ಲಿ ಬೈರಿಗೆಗಳನ್ನು ಹಿಡಿಯತೊಡಗಿದಳು.

“ನಂದು ಎರಡೇ ಚುಕ್ಕೆ ಅಂತಲ್ವಾ ಇವ್ರ ಲೆಕ್ಕ? ಎಷ್ಟಾಗುತ್ತೋ ನೋಡೋಣ,” ಅಂದಳು.

ದಿಯೊಲಿಂಡಾ ಮಾತಾಡುವವಳಲ್ಲ. ಅವಳ ಕೈ ಶುದ್ಧ ಅಂತ ತಗಡೇ ಹೇಳಿತ್ತು. ಅವಳಿಗೆ ಯಾವ ಭಯವೂ ಇರಲಿಲ್ಲ, ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಅವಳು ಎದ್ದಳು. ಅಂಗೈಗೆ ಉಗುಳಿದಳು. ಹೊಲದಲ್ಲಿ ಗುದ್ದಲಿ ಹಿಡಿಯುವವರ ಹಾಗೆ ಕೈ ಉಜ್ಜಿಕೊಂಡು ಬಂಡಿಗೆ ಬಂದಳು.

“ಹುಚ್ಚಿಯರಾ!” ಅಂತ ವಾಲ್ಟ್ರೌಟ್ ಕಿರುಚಿದಳು. “ನಿಮ್ಮನ್ನ ಓಡಿಸ್ತಾರೆ ಕಣ್ರೇ! ನಂಗೆ ಪಿಂಚಣಿಗೆ ಇನ್ನು ಸ್ವಲ್ಪ ಕಾಲ ಇರೋದು, ನನ್ನನ್ನೂ ಇದರಲ್ಲಿ ಎಳೀಬೇಡಿ!” ಅವಳು ಏಳಲಿಲ್ಲ. ಮುಖ ಮುಚ್ಚಿಕೊಂಡಳು.

ಇಡೀ ಬಂಡಿ ಮುಗಿಯಿತು. ಗಿರಾಕಿಗಳು ಬಾಗಿಲ ಕಡೆ ಸರಿದಿದ್ದರು. ಡಾಕ್ಟರ್ ವೆಲ್ನರನ ಕುತ್ತಿಗೆ ಕೆಂಪಾಗಿತ್ತು.

“ಈಗ ಹೇಳಿ,” ಅಂದೆ. “ಯಾವುದು ನನ್ನ ಕೈ? ಯಾವುದು ಅವಳದು?”

“ಹೊರಗೆ,” ಅಂದ ಅವನು.

“ಹೋಗ್ತೀವಿ. ನಾಳೆ ಬರ್ತೀವಿ. ಆ ತಗಡನ್ನ ಇಳಿಸ್ಬೇಕು. ತೊಟ್ಟಿ ಖಾಲಿ ಮಾಡಿ ಹೊಸದು ತುಂಬಬೇಕು. ಕೈ ನೋಡೋದೇ ಆದ್ರೆ ಎಲ್ಲರ ಕೈಯೂ ನೋಡ್ಬೇಕು. ನಿನ್ನದೂ.”

ಬಾಗಿಲಲ್ಲಿ ನಿಂತೆ. ತಗಡು ಅವರು ಇಳಿಸುವವರೆಗೆ ಯಾರು ಕಾಯುತ್ತಾರೆ? ಮೊಳೆಯಿಂದ ಕಿತ್ತು ಕಂಕುಳಲ್ಲಿ ಇಟ್ಟುಕೊಂಡೆ. ಕಾವಲುಗಾರ ತಡೆದ.

“ಅದು ಕಂಪನಿ ಸಾಮಾನು!”

“ತಗಡು ಕಂಪನೀದು. ಕೈ ನಂದು. ಬಿಡಿಸ್ಕೊಳ್ಳೋಕೆ ಆದ್ರೆ ಬಿಡಿಸ್ಕೊ.”

ಅವನು ದಾರಿ ಬಿಟ್ಟ. ಹೊರಗೆ ಹಿಮ ಬೀಳುತ್ತಿತ್ತು. ಸ್ತಮಾತಿಯಾಳಿಗೆ ನಗು ಬಂತು. ಮೂವರೂ ಬಸ್ ನಿಲ್ದಾಣದವರೆಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೋದೆವು.

ಮನೆಯಲ್ಲಿ ತಗಡನ್ನು ದುರ್ಸುನ್‌ನ ಎದುರಿಗೆ ಇಟ್ಟೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ಬೈಯುತ್ತಾನೆ ಅಂತ ಕಾದೆ. ಬೈಯಲಿಲ್ಲ. ತಗಡನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

“ಗವಸು?”

“ಅಲ್ಲೇ ಎಸೆದು ಬಂದೆ.”

“ಓಡಿಸಿದ್ರೆ?”

“ಓಡಿಸಿದ್ರೆ ನಿನ್ನ ಸೊಂಟ ಹೋಗುತ್ತೆ. ಗೊತ್ತು ನಂಗೆ. ಇಡೀ ದಾರಿ ಅದೇ ತಲೇಲಿ ಇತ್ತು.”

“ನನ್ನ ಸೊಂಟ ಹೋಗಿ ಎಷ್ಟು ಕಾಲ ಆಯ್ತು,” ಅಂದ. ಆಮೇಲೆ ತಗಡನ್ನು ಪಕ್ಕಕ್ಕಿಟ್ಟು, “ಆವತ್ತು ರೊಟ್ಟಿ ಕೊಟ್ಟಾಗ... ನೀನು ನೋಡಿದೆ ಅಲ್ವಾ?” ಅಂದ.

“ನೋಡಿದೆ.”

ಅವನು ನನ್ನ ಕೈ ಎಳೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡ. ಗಡ್ಡ ಸೀಳಿದ ಬೆರಳಿಗೆ ಚುಚ್ಚಿತು. ನೋವಾಯಿತು, ಆದರೂ ತೆಗೆಯಲಿಲ್ಲ.

ಈಗ ಬೆಳಿಗ್ಗೆ. ನಾವು ಮೂವರೂ ಬಂದಿದ್ದೇವೆ. ಕಾವಲುಗಾರ ಒಳಗೆ ಬಿಟ್ಟಿದ್ದಾನೆ, ಅಂದರೆ ಮೇಲಿನಿಂದ ಹಾಗೆ ಹೇಳಿದ್ದಾರೆ. ಯಾಕೆ ಹೇಳಿದ್ದಾರೆ ಅಂತ ಒಳಗೆ ಕಾಲಿಟ್ಟ ಕೂಡಲೇ ತಿಳಿಯಿತು. ಬಂಡಿ ನಿನ್ನೆ ಬಿಟ್ಟ ಜಾಗದಲ್ಲೇ ನಿಂತಿದೆ. ಬೈರಿಗೆಗಳ ಮೇಲೆಲ್ಲ ಕಂದು ಬೆರಳುಗಳು ಎದ್ದಿವೆ. ನನ್ನವು ಢಾಳಾಗಿ, ಉಳಿದವರವು ಅಲ್ಲಲ್ಲಿ. ಮಾಲು ಇವತ್ತೇ ಹೋಗಬೇಕಂತೆ. ಅಷ್ಟನ್ನೂ ಉಜ್ಜಬೇಕು, ತೊಳೆಯಬೇಕು, ಒರೆಸಬೇಕು, ಸಿಗಿಸಬೇಕು. ಆ ಕೆಲಸ ನಾವಲ್ಲದೆ ಇನ್ಯಾರಿಗೂ ಬರುವುದಿಲ್ಲ. ಗ್ರೋಟೆ ಸಾಣೆ ವಿಭಾಗದ ಇಬ್ಬರನ್ನು ತಂದು ಕೂರಿಸಿದ್ದನಂತೆ. ಒಬ್ಬ ಬೆರಳು ಕೊಯ್ದುಕೊಂಡು ಹೋದ, ಇನ್ನೊಬ್ಬ ತೊಟ್ಟಿಯ ವಾಸನೆಗೆ ವಾಂತಿ ಮಾಡಿಕೊಂಡ. ತನ್ನ ಕಾರಿನ ಹತ್ತಿರ ಸುಳಿಯಬೇಡ ಅಂದವನೇ ವಾಂತಿ ಮಾಡಿಕೊಂಡದ್ದು.

ತೊಟ್ಟಿಯಲ್ಲಿ ಹೊಸ ದ್ರಾವಣ ಇದೆ. ತಳ ಕಾಣುತ್ತಿದೆ. ಗೋಡೆಯಲ್ಲಿ ಮೊಳೆ ಮಾತ್ರ ಇದೆ.

“ಆಯ್ತಲ್ಲ?” ಅಂದ ಗ್ರೋಟೆ. “ತೊಟ್ಟಿ ಆಯ್ತು, ತಗಡೂ ಇಲ್ಲ. ಕೂತ್ಕೊಂಡು ಕೆಲಸ ಶುರು ಮಾಡಿ. ನಿನ್ನೆದು ಮರೆತುಬಿಡೋಣ.” ಆಮೇಲೆ ಕೆಂಪು ಗವಸನ್ನು ನನ್ನ ಮೇಜಿನ ಮೇಲಿಟ್ಟ. “ಇದು ಮಾತ್ರ ಹಾಕ್ಕೋ. ಡಾಕ್ಟರ್ ಹೇಳಿದ್ದಾರೆ.”

ನಾನು ಅದನ್ನು ಮುಟ್ಟಲಿಲ್ಲ. ಮೇಜಿನ ಮುಂದೆ ಕೂರಲೂ ಇಲ್ಲ. ನಾವು ಮೂವರೂ ಖಾಲಿ ಪೆಟ್ಟಿಗೆಗಳನ್ನು ಬೋರಲು ಹಾಕಿ ಗೋಡೆಯ ಕಡೆ ಕೂತೆವು. ಕೈ ಮಡಿಲಲ್ಲಿ.

ಗ್ರೋಟೆ ವಾಲ್ಟ್ರೌಟ್‌ಳ ಕಡೆ ತಿರುಗಿದ. “ನೀವಾದ್ರೂ ಶುರು ಮಾಡಿ ವಾಲ್ಟ್ರೌಟಮ್ಮ.”

ವಾಲ್ಟ್ರೌಟ್ ತನ್ನ ಮೇಜಿನ ಮುಂದೆ ನಿಂತಿದ್ದಳು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ಗವಸು ಒಂದು ಕೈಗೆ ಹಾಕಿದ್ದಳು, ಇನ್ನೊಂದು ಹಾಗೇ ಜೋತಾಡುತ್ತಿತ್ತು.

“ಆಗಲ್ಲ,” ಅಂದಳು.

“ಯಾಕೆ?”

“ನನ್ನ ಕೈ ಯಾರೂ ನೋಡಿಲ್ವಲ್ಲ. ಎಂಥದ್ದೋ ಏನೋ. ನನ್ನ ಕೈಯಿಂದ ಮಾಲು ಕೆಟ್ರೆ ಪಿಂಚಣಿ ಹಿಡ್ಕೋತೀರಿ. ಮೊದಲು ತಗಡು ತನ್ನಿ.”

“ನಿಮಗೆ ಬೇಡ ಅಂದ್ನಲ್ಲ...”

“ತನ್ನಿ ಅಂದೆ.”

ಅವಳ ದನಿ ಅಷ್ಟು ಗಟ್ಟಿ ಅಂತ ನನಗೆ ಗೊತ್ತೇ ಇರಲಿಲ್ಲ. ಅವನು ತರಲಿಲ್ಲ. ಅವಳೇ ಕಪಾಟಿಗೆ ಹೋಗಿ ಉಳಿದಿದ್ದ ಹೊಳೆಯುವ ತಗಡುಗಳನ್ನು ಎದೆಗವಚಿಕೊಂಡು ಬಂದು ಮೇಜಿನ ಮೇಲೆ ಸುರಿದಳು. ಕಾರ್ಖಾನೆಯೆಲ್ಲ ಸದ್ದಾಯಿತು. ಸಾಣೆ ವಿಭಾಗದವರು ಬಾಗಿಲಿಗೆ ಬಂದು ನಿಂತರು. ವಾಲ್ಟ್ರೌಟ್ ಗವಸು ಕಿತ್ತೆಸೆದು ಒಂದರ ಮೇಲೆ ಅಂಗೈ ಒತ್ತಿದಳು. ಮೈ ಭಾರವನ್ನೆಲ್ಲ ಬಿಟ್ಟು ಒತ್ತಿದಳು. ನನ್ನ ಕಡೆ ನೋಡಿದಳು. ಕ್ಷಮಿಸು ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

“ಈಗ ನೀವು,” ಅಂದಳು ಮೇಸ್ತ್ರಿಗೆ. “ಕುಲುಮೆಯಿಂದ ಬಂದ ಬೈರಿಗೆನ ಬರಿಗೈಲಿ ಎತ್ತಿ ಎತ್ತಿ ನೋಡ್ತೀರಿ. ಕುಲುಮೆಗೆ ಹೋಗೋ ಮೊದಲೂ ನೋಡ್ತೀರಿ. ನಾನು ಕಣ್ಣಾರೆ ಕಂಡಿದ್ದೀನಿ. ಒತ್ತಿ.”

ಗ್ರೋಟೆಯ ಎರಡೂ ಕೈ ನಿಲುವಂಗಿಯ ಜೇಬಿಗೆ ಹೋದವು. ತಗಡು ಅವನ ಮುಂದೆಯೇ ಇದೆ. ಕನ್ನಡಿಯ ಹಾಗೆ ಹೊಳೆಯುತ್ತಿದೆ, ಅದರಲ್ಲಿ ಅವನ ಗದ್ದ ಕಾಣುತ್ತಿದೆ. ಮೇಲಿನ ಗಾಜಿನ ಕೋಣೆಯಲ್ಲಿ ಡಾಕ್ಟರ್ ವೆಲ್ನರ್ ನಿಂತು ನೋಡುತ್ತಿದ್ದಾನೆ. ಮಾಲು ಒಯ್ಯುವ ಲಾರಿ ಹೊರಗೆ ಬಂದು ನಿಂತಿದೆ. ಅದರ ಹಾರನ್ ಕೇಳಿಸುತ್ತಿದೆ.

ಅವನು ಕೆಮ್ಮಿದ.

ನಾವು ಯಾರೂ ಗವಸು ಹಾಕಿಕೊಳ್ಳಲಿಲ್ಲ. ಅವನ ಕೈ ಜೇಬಿನಿಂದ ಹೊರಗೆ ಬರುವವರೆಗೆ ನಮ್ಮ ಕೈ ಕೆಲಸಕ್ಕೆ ಇಳಿಯುವುದಿಲ್ಲ.